‘ನಮ್ಮ ಜಿಲ್ಲೆಯಲ್ಲಿ ಸಾವು ಜಾಸ್ತಿ ಆಗಿದೆಯಾ?’: ಸಾವು, ಕಾಯಿಲೆಗಳ ಲೆಕ್ಕ ಓದುವ ಬಗೆ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಎರಡು. ‘ಪೇಪರಿನಲ್ಲಿ ಇಷ್ಟು ಜನ ತೀರಿಕೊಂಡರು ಅಂತ ಬಂದಿದೆ, ಹೆದರಬೇಕಾ?’ ಎನ್ನುವುದು ಒಂದು. ‘ಸಾವು ಕಡಿಮೆ ಆಗಿದೆ ಅಂತ ಸರ್ಕಾರ ಹೇಳುತ್ತಿದೆ, ನಂಬಬಹುದಾ?’ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕುವ ದಾರಿ ಒಂದೇ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ಈ ಕೆಲಸ ನೀವೇ ಮಾಡಬಹುದು.

ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. 2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿ ನೆನಪಿರಬೇಕು ಅಲ್ವಾ? ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂದು ದಿನವೂ ಲೆಕ್ಕ ಬರುತ್ತಿತ್ತು. ಹೆದರಿದ ಜನ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲುಗಟ್ಟಿದರು. ನಿಜಕ್ಕೂ ಎದೆನೋವು ಇದ್ದವರು ಆ ಸಾಲಿನಲ್ಲೇ ಕಾಯಬೇಕಾಯಿತು. ಸಂಖ್ಯೆಯನ್ನು ಅರೆಬರೆ ಓದಿದರೆ ಹೀಗೆ ಬೇರೆಯವರಿಗೂ ತೊಂದರೆ. ಇದೇ ಉದಾಹರಣೆಯನ್ನು ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ಏನೇನು ಬೇಕು ನೋಡಿ

ಮೊಬೈಲಿನ ಕ್ಯಾಲ್ಕುಲೇಟರ್. ನಿಮ್ಮ ಜಿಲ್ಲೆಯ ಜನಸಂಖ್ಯೆ; 2011ರ ಜನಗಣತಿಯದ್ದಾದರೂ ಸರಿ. ಎಸ್‌ಆರ್‌ಎಸ್ ಬುಲೆಟಿನ್, ಅಂದರೆ ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಪ್ರಕಟಿಸುವ ಜನನ–ಮರಣ ಅಂದಾಜಿನ ಪುಟ್ಟ ವರದಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಿಮ್ಮ ಜಿಲ್ಲೆಯ ಫ್ಯಾಕ್ಟ್ ಶೀಟ್. ಈ ಎರಡೂ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕೊನೆಯದಾಗಿ, ಸುದ್ದಿಯ ಹಿಂದಿನ ಮೂಲ ವರದಿ ಸಿಕ್ಕರೆ ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 1: ‘ಎಷ್ಟು ಜನರಲ್ಲಿ?’ ಎಂದು ಕೇಳಿ

ಬರೀ ಸಾವಿನ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಎಷ್ಟರಿಂದ ಭಾಗಿಸಬೇಕು ಎನ್ನುವುದು ಮುಖ್ಯ. ಭಾಗಿಸಿದಾಗ ಸಿಗುವುದೇ ಪ್ರಮಾಣ, ಅಥವಾ ದರ. ಒಂದೊಂದು ದರಕ್ಕೂ ಭಾಜಕ ಬೇರೆ. ಇಲ್ಲೇ ತುಂಬ ಜನ ಎಡವುತ್ತಾರೆ.

ಒಟ್ಟು ಮರಣ ಪ್ರಮಾಣ: ಒಂದು ವರ್ಷದಲ್ಲಿ 1,000 ಜನಸಂಖ್ಯೆಗೆ ಎಷ್ಟು ಸಾವು ಎಂಬ ಲೆಕ್ಕ. ಇದನ್ನು ‘ಕಚ್ಚಾ ಮರಣ ದರ’ ಎಂದೂ ಕರೆಯುತ್ತಾರೆ.

ಶಿಶು ಮರಣ ಪ್ರಮಾಣ, ಅಂದರೆ ಐಎಂಆರ್: ಜೀವಂತವಾಗಿ ಹುಟ್ಟಿದ 1,000 ಮಕ್ಕಳಲ್ಲಿ ಎಷ್ಟು ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು ಎಂಬ ಲೆಕ್ಕ. 2020ರ ಎಸ್‌ಆರ್‌ಎಸ್ ಪ್ರಕಾರ ಇದು ಭಾರತದಲ್ಲಿ 28, ಕರ್ನಾಟಕದಲ್ಲಿ 19, ಕೇರಳದಲ್ಲಿ 6, ಮಧ್ಯಪ್ರದೇಶದಲ್ಲಿ 43.

ತಾಯಂದಿರ ಮರಣ ಪ್ರಮಾಣ, ಅಂದರೆ ಎಂಎಂಆರ್: ಇಲ್ಲಿ ಭಾಜಕ ಒಂದು ಲಕ್ಷ ಜೀವಂತ ಜನನ. ಬಸುರಿಯಾಗಿದ್ದಾಗ, ಹೆರಿಗೆಯಲ್ಲಿ, ಅಥವಾ ಬಸಿರು ಮುಗಿದ 42 ದಿನದೊಳಗೆ ಅದೇ ಕಾರಣಕ್ಕೆ ಆದ ಸಾವುಗಳನ್ನು ಎಣಿಸುತ್ತಾರೆ. ಬಾಣಂತಿ ಅಪಘಾತದಲ್ಲಿ ತೀರಿಕೊಂಡರೆ ಅದು ಇದರಲ್ಲಿ ಸೇರುವುದಿಲ್ಲ.

ಎಚ್ಚರಿಕೆ: ಕರ್ನಾಟಕದ ಐಎಂಆರ್ 19, ಎಂಎಂಆರ್ 69 ಎಂದು ಅಕ್ಕಪಕ್ಕ ಓದಿ, ಮಕ್ಕಳಿಗಿಂತ ತಾಯಂದಿರೇ ಜಾಸ್ತಿ ಸಾಯುತ್ತಾರೆ ಅಂದುಕೊಳ್ಳಬೇಡಿ. ಮೊದಲನೆಯದು ಸಾವಿರಕ್ಕೆ, ಎರಡನೆಯದು ಲಕ್ಷಕ್ಕೆ. ಎರಡನ್ನೂ ಲಕ್ಷಕ್ಕೆ ತಂದರೆ 1,900 ಮತ್ತು 69.

ಹೆಜ್ಜೆ 2: ಮಾಮೂಲಿ ದಿನಗಳಲ್ಲಿ ಎಷ್ಟು ಎಂದು ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕ್ಯಾಲ್ಕುಲೇಟರ್ ತೆಗೆಯಿರಿ.

2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ಒಟ್ಟು ಮರಣ ಪ್ರಮಾಣ ಸಾವಿರಕ್ಕೆ 6ರ ಆಸುಪಾಸು ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ ಸುಮಾರು 10,600 ಸಾವು. 365ರಿಂದ ಭಾಗಿಸಿದರೆ ದಿನಕ್ಕೆ 29. ನಲವತ್ತು ದಿನಕ್ಕೆ ಹೆಚ್ಚುಕಡಿಮೆ 1,160. ಭಾರತದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸಾವುಗಳಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಪಾರ್ಶ್ವವಾಯುವೂ ಇದರಲ್ಲೇ ಬರುತ್ತದೆ. ಬರೀ ಕಾಲು ಭಾಗ ಹಿಡಿದರೂ 290.

ಅಂದರೆ ಯಾರೂ ಸುದ್ದಿ ಮಾಡದ ಮಾಮೂಲಿ ನಲವತ್ತು ದಿನಗಳಲ್ಲೂ ಅಷ್ಟು ದೊಡ್ಡ ಜಿಲ್ಲೆಯಲ್ಲಿ 300ರ ಹತ್ತಿರ ಜನ ಈ ಕಾಯಿಲೆಗಳಿಂದ ತೀರಿಕೊಳ್ಳುತ್ತಾರೆ. ಸುದ್ದಿಯಲ್ಲಿ ಬಂದ ಇಪ್ಪತ್ತು ಚಿಲ್ಲರೆ ಸಾವು ಅವುಗಳಲ್ಲಿ ಒಂದು ಪಾಲು ಮಾತ್ರ.

ಹಾಗಂತ ಜನರ ಆತಂಕ ಸುಳ್ಳು ಅನ್ನುವಂತಿಲ್ಲ. ಅವರು ಹೆದರಿದ್ದು ತೀರಿಕೊಂಡವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ ಎಂಬ ಕಾರಣಕ್ಕೆ. ಅದಕ್ಕೆ ಕೇಳಬೇಕಾದ ಪ್ರಶ್ನೆ ಇದು: 45 ವರ್ಷದೊಳಗಿನವರ ಹೃದಯಾಘಾತದ ಸಾವು ಹೋದ ವರ್ಷ ಇದೇ ತಿಂಗಳುಗಳಲ್ಲಿ ಎಷ್ಟಿತ್ತು, ಈ ವರ್ಷ ಎಷ್ಟಿದೆ? ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ಸಮಿತಿ ಹೇಳಿತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ.

ಎಚ್ಚರಿಕೆ: ‘ಸಂಖ್ಯೆ ಚಿಕ್ಕದು, ಬಿಡಿ’ ಎಂದು ತಳ್ಳಿಹಾಕುವುದೂ ತಪ್ಪು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಜಿಲ್ಲೆಯ ಒಟ್ಟು ಸಾವಿನ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಆದರೆ ಒಂದೇ ಜಾಗ, ಒಂದೇ ಬಗೆಯ ಚಿಕಿತ್ಸೆ, ಕೆಲವೇ ದಿನಗಳ ಅಂತರ. ಮಾಮೂಲಿಯಾಗಿ ಆ ಜಾಗದಲ್ಲಿ ಆ ಅವಧಿಯಲ್ಲಿ ಒಂದೂ ಸಾವು ಆಗಬಾರದು. ಡ್ರಿಪ್‌ಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆಯನ್ನು ತಡೆಹಿಡಿದರು. ಹಾಗಾಗಿ ಸಂಖ್ಯೆಯನ್ನು ಯಾವಾಗಲೂ ‘ಆ ಜಾಗಕ್ಕೆ, ಆ ಗುಂಪಿಗೆ ಮಾಮೂಲಿ ಎಷ್ಟು’ ಎಂಬುದರ ಜೊತೆ ಇಟ್ಟು ನೋಡಿ.

ಮಾಮೂಲಿಗಿಂತ ಎಷ್ಟು ಜಾಸ್ತಿ ಆಯಿತೋ ಅದನ್ನು ‘ಹೆಚ್ಚುವರಿ ಸಾವು’ ಎನ್ನುತ್ತಾರೆ. ಕೋವಿಡ್ ಸಮಯದಲ್ಲಿ ಈ ಮಾತು ತುಂಬ ಕೇಳಿಬಂತು. 2020 ಮತ್ತು 2021ರಲ್ಲಿ ಭಾರತದ ಅಧಿಕೃತ ಕೋವಿಡ್ ಸಾವು ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ ಹೆಚ್ಚುವರಿ ಸಾವು ಸುಮಾರು 47 ಲಕ್ಷ. ಭಾರತ ಸರ್ಕಾರ ಈ ಅಂದಾಜಿನ ವಿಧಾನವನ್ನು ಒಪ್ಪಲಿಲ್ಲ. ಎರಡು ಸಂಖ್ಯೆಗಳು ಎಣಿಸುವುದು ಬೇರೆ ಬೇರೆಯನ್ನು ಎಂಬುದನ್ನು ಮಾತ್ರ ಇಲ್ಲಿ ಗಮನಿಸಿ. ಮೊದಲನೆಯದು ಕೋವಿಡ್ ಎಂದು ದಾಖಲಾದ ಸಾವು. ಎರಡನೆಯದು ಯಾವುದೇ ಕಾರಣಕ್ಕೆ ಮಾಮೂಲಿಗಿಂತ ಹೆಚ್ಚಾದ ಸಾವು; ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಬೇರೆ ಕಾಯಿಲೆಯಿಂದ ಹೋದವರೂ ಇದರಲ್ಲಿ ಬರುತ್ತಾರೆ.

ಹೆಜ್ಜೆ 3: ವಯಸ್ಸು ನೋಡದೆ ಊರು ಊರು ಹೋಲಿಸಬೇಡಿ

2020ರ ಎಸ್‌ಆರ್‌ಎಸ್‌ನಲ್ಲಿ ಕೇರಳದ ಒಟ್ಟು ಮರಣ ಪ್ರಮಾಣ 7.0, ಬಿಹಾರದ್ದು 5.4. ಹಾಗಾದರೆ ಬಿಹಾರದವರು ಕೇರಳದವರಿಗಿಂತ ಆರೋಗ್ಯವಂತರಾ? ಅದೇ ವರ್ಷ ಬಿಹಾರದ ಶಿಶು ಮರಣ ಪ್ರಮಾಣ 27, ಕೇರಳದ್ದು 6. ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ.

ಕಾರಣ ವಯಸ್ಸು. ಕೇರಳದಲ್ಲಿ ವಯಸ್ಸಾದವರ ಪಾಲು ಜಾಸ್ತಿ, ಬಿಹಾರದಲ್ಲಿ ಮಕ್ಕಳು, ಯುವಕರ ಪಾಲು ಜಾಸ್ತಿ. ವಯಸ್ಸಾದವರು ಹೆಚ್ಚಿರುವ ಕಡೆ ಸಾವು ಹೆಚ್ಚಾಗುವುದು ಸಹಜ. ಲೆಕ್ಕದಲ್ಲಿ ಇದು ಹೇಗೆ ನಡೆಯುತ್ತದೆ ನೋಡಲು ಮೇಲೂರು, ಕೆಳಗೂರು ಎಂಬ ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ 10,000 ಜನ.

ಮೇಲೂರಿನಲ್ಲಿ 60 ದಾಟದವರು 9,000, ದಾಟಿದವರು 1,000. ಕಿರಿಯರಲ್ಲಿ ಸಾವಿರಕ್ಕೆ 2 ಸಾವು, ಹಿರಿಯರಲ್ಲಿ ಸಾವಿರಕ್ಕೆ 50. ಒಟ್ಟು 18 + 50 = 68 ಸಾವು. ಪ್ರಮಾಣ 6.8.

ಕೆಳಗೂರಿನಲ್ಲಿ ಕಿರಿಯರು 7,000, ಹಿರಿಯರು 3,000. ಕಿರಿಯರಲ್ಲಿ ಸಾವಿರಕ್ಕೆ 1, ಹಿರಿಯರಲ್ಲಿ ಸಾವಿರಕ್ಕೆ 40. ಒಟ್ಟು 7 + 120 = 127. ಪ್ರಮಾಣ 12.7.

ಎರಡೂ ವಯಸ್ಸಿನ ಗುಂಪಿನಲ್ಲಿ ಕೆಳಗೂರೇ ಮೇಲು. ಆದರೂ ಅದರ ಒಟ್ಟು ಪ್ರಮಾಣ ಹತ್ತಿರ ಹತ್ತಿರ ಎರಡು ಪಟ್ಟು! ಈಗ ಕೆಳಗೂರಿನ ದರಗಳನ್ನು ಮೇಲೂರಿನ ಜನಸಂಖ್ಯೆಗೆ ಹಾಕಿ: 9 + 40 = 49. ಪ್ರಮಾಣ 4.9. ಇದನ್ನು 6.8ರ ಜೊತೆ ಹೋಲಿಸಿದರೆ ನ್ಯಾಯವಾದ ಹೋಲಿಕೆ. ಹೀಗೆ ಎರಡೂ ಊರಿಗೆ ಒಂದೇ ವಯಸ್ಸಿನ ಹಂಚಿಕೆ ಕೊಟ್ಟು ಲೆಕ್ಕ ಹಾಕುವುದಕ್ಕೆ ‘ವಯೋ ಪ್ರಮಾಣೀಕರಣ’ ಎಂದು ಹೆಸರು. ವರದಿಯಲ್ಲಿ ‘ಏಜ್ ಸ್ಟ್ಯಾಂಡರ್ಡೈಸ್ಡ್’ ಅಥವಾ ‘ಏಜ್ ಅಡ್ಜಸ್ಟೆಡ್’ ಎಂಬ ಮಾತು ಕಂಡರೆ ಈ ಕೆಲಸ ಆಗಿದೆ ಎಂದರ್ಥ. ಕ್ಯಾನ್ಸರ್ ಬಗ್ಗೆ ರಾಜ್ಯ ರಾಜ್ಯಗಳ ಹೋಲಿಕೆ ಓದುವಾಗ ಈ ಮಾತು ಇಲ್ಲದಿದ್ದರೆ ಆ ಹೋಲಿಕೆಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

ನಿರೀಕ್ಷಿತ ಆಯುಷ್ಯದ ಬಗ್ಗೆಯೂ ಇಲ್ಲೇ ಒಂದು ಮಾತು. 2014–18ರ ಎಸ್‌ಆರ್‌ಎಸ್ ಲೆಕ್ಕದಲ್ಲಿ ಭಾರತದ ನಿರೀಕ್ಷಿತ ಆಯುಷ್ಯ 69.4 ವರ್ಷ. ‘ನನಗೆ ಈಗ 66, ಇನ್ನು ಮೂರೇ ವರ್ಷವಾ?’ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಅದು ಹುಟ್ಟುವ ಮಗುವಿನ ಲೆಕ್ಕ, ಚಿಕ್ಕ ವಯಸ್ಸಿನ ಸಾವುಗಳೂ ಅದರಲ್ಲಿ ಸೇರಿರುತ್ತವೆ. 60 ತುಂಬಿದವರಿಗೆ ಸರಾಸರಿ ಇನ್ನೂ 18 ವರ್ಷದಷ್ಟು ಆಯುಷ್ಯ ಇದೆ.

ಹೆಜ್ಜೆ 4: ಕಾಯಿಲೆಯ ಸಂಖ್ಯೆ ಹೊಸಬರದ್ದೋ, ಇರುವವರದ್ದೋ?

ಒಂದು ಅವಧಿಯಲ್ಲಿ ಹೊಸದಾಗಿ ಕಾಯಿಲೆ ಬಂದವರ ಪ್ರಮಾಣ ‘ಇನ್ಸಿಡೆನ್ಸ್’. ಒಂದು ಹೊತ್ತಿಗೆ ಹಳಬರು, ಹೊಸಬರು ಸೇರಿ ಕಾಯಿಲೆ ಇರುವ ಎಲ್ಲರ ಪ್ರಮಾಣ ‘ಪ್ರೆವಲೆನ್ಸ್’. ಡೆಂಗಿಯಂಥ ಬಂದು ಹೋಗುವ ಜ್ವರಕ್ಕೆ ಮೊದಲನೆಯದು ಮುಖ್ಯ. ಸಕ್ಕರೆ ಕಾಯಿಲೆ, ಬಿಪಿಯಂಥ ಜೊತೆಗೇ ಇರುವ ಕಾಯಿಲೆಗೆ ಎರಡನೆಯದು.

ಐಸಿಎಂಆರ್‌–ಇಂಡಿಯಾಬ್ ಅಧ್ಯಯನ 2023ರಲ್ಲಿ ಭಾರತದ ವಯಸ್ಕರಲ್ಲಿ 11.4 ಶೇಕಡಾ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಇದು ಪ್ರೆವಲೆನ್ಸ್. ಒಳ್ಳೆಯ ಚಿಕಿತ್ಸೆ ಸಿಕ್ಕಿ ರೋಗಿಗಳು ಹೆಚ್ಚು ವರ್ಷ ಬದುಕಿದರೆ ಈ ಸಂಖ್ಯೆ ಏರುತ್ತದೆ. ಆ ಏರಿಕೆ ಕೆಟ್ಟ ಸುದ್ದಿಯೇ ಆಗಬೇಕಿಲ್ಲ.

ಹೆಜ್ಜೆ 5: ‘ಬಂದರೆ ಸಾವು’ ಬೇರೆ, ‘ಊರಲ್ಲಿ ಸಾವು’ ಬೇರೆ

ಕಾಯಿಲೆ ಬಂದ 100 ಜನರಲ್ಲಿ ಎಷ್ಟು ಜನ ತೀರಿಕೊಂಡರು ಎಂಬುದು ‘ಕೇಸ್ ಫೆಟಾಲಿಟಿ’. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಎನ್ನಬಹುದು. ಕೇಸ್ ಫೆಟಾಲಿಟಿ ನೂರಕ್ಕೆ ನೂರರ ಹತ್ತಿರ. ಆದರೂ ಜಿಲ್ಲೆಯ ಒಟ್ಟು ಸಾವಿನಲ್ಲಿ ಅದರ ಪಾಲು ತೀರಾ ಸಣ್ಣದು. ಹೃದಯದ ಕಾಯಿಲೆ ಇದಕ್ಕೆ ಉಲ್ಟಾ.

ಮಂಗನ ಕಾಯಿಲೆ ನಮ್ಮ ಮಲೆನಾಡಿನದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಇದರ ಕೇಸ್ ಫೆಟಾಲಿಟಿ ಸಾಮಾನ್ಯವಾಗಿ 100ಕ್ಕೆ 3ರಿಂದ 5. ಸೀಸನ್ ಶುರುವಿನಲ್ಲಿ ‘ಐದು ಕೇಸ್, ಎರಡು ಸಾವು’ ಎಂಬ ಸುದ್ದಿ ಬಂತು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 40 ಶೇಕಡಾ ಆಗುತ್ತದೆ, ಎದೆ ಧಸಕ್ಕೆನ್ನುತ್ತದೆ. ಶುರುವಿನಲ್ಲಿ ಪರೀಕ್ಷೆಗೆ ಬರುವುದು ಗಂಭೀರವಾದವರು ಮಾತ್ರ. ಜ್ವರ ಬಂದು ಮನೆಯಲ್ಲೇ ಸುಧಾರಿಸಿಕೊಂಡವರು ಭಾಜಕದಲ್ಲಿ ಇಲ್ಲ. ಪರೀಕ್ಷೆ ಹೆಚ್ಚಿದ ಹಾಗೆ ಶೇಕಡಾವಾರು ಇಳಿಯುತ್ತದೆ. ಇದರ ಉಲ್ಟಾ ತಪ್ಪೂ ಇದೆ: ಕೇಸ್‌ಗಳು ಇವತ್ತು ಬಂದಿರುತ್ತವೆ, ಸಾವು ಎರಡು ವಾರದ ನಂತರ ಆಗಬಹುದು. ಹಾಗಾಗಿ ಏರುತ್ತಿರುವ ಸಮಯದಲ್ಲಿ ಲೆಕ್ಕ ಹಾಕಿದರೆ ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಹೆಜ್ಜೆ 6: ಯಾರು ಎಣಿಸಿದರು, ಹೇಗೆ ಎಣಿಸಿದರು?

ಭಾರತದಲ್ಲಿ ಸಾವಿನ ಲೆಕ್ಕ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ.

ನಾಗರಿಕ ನೋಂದಣಿ: 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ನಾವು ಮಾಡಿಸುವ ನೋಂದಣಿಯ ಲೆಕ್ಕ. ನೋಂದಾಯಿಸದ ಸಾವು ಇದರಲ್ಲಿ ಇರುವುದಿಲ್ಲ. ಇನ್ನೊಂದು ವಿಷಯ, ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗುತ್ತದೆ. ಕಲಬುರಗಿಯ ರೋಗಿ ಬೆಂಗಳೂರಿನ ಕಿದ್ವಾಯಿಯಲ್ಲಿ ತೀರಿಕೊಂಡರೆ ಅದು ಬೆಂಗಳೂರಿನ ಲೆಕ್ಕ. ದೊಡ್ಡ ಆಸ್ಪತ್ರೆಗಳಿರುವ ಊರುಗಳಲ್ಲಿ ನೋಂದಾಯಿತ ಸಾವು ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮಾದರಿ ನೋಂದಣಿ, ಅದೇ ಎಸ್‌ಆರ್‌ಎಸ್: ದೇಶದ 8,800ಕ್ಕೂ ಹೆಚ್ಚು ಆಯ್ದ ಹಳ್ಳಿ, ನಗರ ಘಟಕಗಳಲ್ಲಿ ಒಬ್ಬರು ಅಲ್ಲೇ ಇದ್ದು ವರ್ಷವಿಡೀ ಹುಟ್ಟು ಸಾವು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬೇರೆಯಾಗಿ ಮನೆ ಮನೆ ಕೇಳುತ್ತಾರೆ. ಎರಡೂ ಪಟ್ಟಿ ತಾಳೆ ನೋಡಿ, ವ್ಯತ್ಯಾಸ ಬಂದ ಮನೆಗೆ ಮತ್ತೆ ಹೋಗುತ್ತಾರೆ. ರಾಜ್ಯ ಮಟ್ಟಕ್ಕೆ ಇದು ಗಟ್ಟಿ ಲೆಕ್ಕ. ಆದರೆ ಜಿಲ್ಲೆ, ತಾಲ್ಲೂಕಿಗೆ ಇದರಿಂದ ದರ ಸಿಗುವುದಿಲ್ಲ.

ಕುಟುಂಬ ಆರೋಗ್ಯ ಸಮೀಕ್ಷೆ: ಹೆಣ್ಣುಮಕ್ಕಳನ್ನು ಅವರ ಹೆರಿಗೆಗಳ ಬಗ್ಗೆ ಕೇಳಿ, ಹಿಂದಿನ ಐದು ವರ್ಷದ ಲೆಕ್ಕ ಹಾಕುತ್ತಾರೆ. 2019–21ರ ಸಮೀಕ್ಷೆಯಲ್ಲಿ ಭಾರತದ ಐಎಂಆರ್ 35.2. ಎಸ್‌ಆರ್‌ಎಸ್ 2020ರಲ್ಲಿ 28. ‘ಯಾವುದು ಸುಳ್ಳು?’ ಎಂದು ಕೇಳಬೇಡಿ. ಒಂದು ಐದು ವರ್ಷದ ಸರಾಸರಿ, ಇನ್ನೊಂದು ಒಂದೇ ವರ್ಷದ್ದು. ವಿಧಾನವೂ ಬೇರೆ. ಆದರೆ ‘ಸಮೀಕ್ಷೆಯ 35ರಿಂದ ಎಸ್‌ಆರ್‌ಎಸ್‌ನ 28ಕ್ಕೆ ಇಳಿಸಿದ್ದೇವೆ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಒಪ್ಪಬೇಡಿ. ಹೋಲಿಕೆ ಒಂದೇ ಮೂಲದೊಳಗೆ ಇರಬೇಕು.

ಎಣಿಸುವ ರೀತಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ ಎನ್ನುವುದಕ್ಕೆ ಹಾವು ಕಡಿತದಂಥ ಉದಾಹರಣೆ ಇನ್ನೊಂದಿಲ್ಲ. ಮನೆ ಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತರು, ವರ್ಷಕ್ಕೆ ಸರಾಸರಿ 58,000. ಆಸ್ಪತ್ರೆಯ ದಾಖಲೆಗಳಲ್ಲಿ ಕಾಣುತ್ತಿದ್ದುದು ಇದರ ಚೂರುಪಾರು. ಗದ್ದೆಯಲ್ಲಿ ಕಡಿಸಿಕೊಂಡವರಲ್ಲಿ ಎಷ್ಟೋ ಜನ ಆಸ್ಪತ್ರೆ ಮುಟ್ಟುವುದೇ ಇಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇಂಥ ಆದೇಶ ಬಂದ ಮೇಲೆ ಸಂಖ್ಯೆ ದಿಢೀರ್ ಏರುವುದು ಸಹಜ. ಹಾವುಗಳು ಜಾಸ್ತಿ ಆಗಿಲ್ಲ, ಎಣಿಕೆ ಶುರುವಾಗಿದೆ. ಇಂಥ ಏರಿಕೆ ಕಂಡರೆ ನನಗೆ ಸಮಾಧಾನವೇ ಆಗುತ್ತದೆ. ಎಣಿಸದ ಸಾವಿಗೆ ಔಷಧಿಯೂ ಬರುವುದಿಲ್ಲ.

ಹೆಜ್ಜೆ 7: ಸಾವಿನ ‘ಕಾರಣ’ವನ್ನು ಅಳೆದು ತೂಗಿ ನಂಬಿ

ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟಿದ್ದು 22.5 ಶೇಕಡಾ ಮಾತ್ರ. ಅವು ಹೆಚ್ಚಾಗಿ ಆಸ್ಪತ್ರೆಯ ಸಾವುಗಳು. ಹಾಗಾಗಿ ‘ಸಾವಿಗೆ ಮುಖ್ಯ ಕಾರಣಗಳು’ ಎಂಬ ಪಟ್ಟಿ ಇದರಿಂದ ಬಂದಿದ್ದರೆ ಹಳ್ಳಿಯಲ್ಲಿ, ಮನೆಯಲ್ಲಿ ತೀರಿಕೊಂಡವರ ಚಿತ್ರ ಅದರಲ್ಲಿ ಅಷ್ಟಾಗಿ ಇರುವುದಿಲ್ಲ.

ಆಸ್ಪತ್ರೆಯಲ್ಲಿ ತುಂಬುವ ಪತ್ರಕ್ಕೆ ಫಾರಂ 4 ಎಂದು ಹೆಸರು. ಅದರಲ್ಲಿ ಕಾರಣಗಳನ್ನು ಸಾಲಾಗಿ ಬರೆಯಬೇಕು. ಉದಾಹರಣೆಗೆ ಮೊದಲ ಸಾಲಿನಲ್ಲಿ ‘ರಕ್ತದಲ್ಲಿ ನಂಜು’, ಅದಕ್ಕೆ ಕಾರಣ ‘ಕಾಲಿನ ಗ್ಯಾಂಗ್ರೀನ್’, ಅದಕ್ಕೆ ಕಾರಣ ‘ಸಕ್ಕರೆ ಕಾಯಿಲೆ’. ಅಂಕಿಅಂಶಕ್ಕೆ ಹೋಗುವುದು ಎಲ್ಲಕ್ಕಿಂತ ಕೆಳಗಿನ ಮೂಲ ಕಾರಣ, ಅಂದರೆ ಸಕ್ಕರೆ ಕಾಯಿಲೆ. ಎಷ್ಟೋ ಸಲ ‘ಹೃದಯ ಸ್ತಂಭನ’ ಎಂದಷ್ಟೇ ಬರೆದು ಮುಗಿಸುತ್ತಾರೆ. ಯಾರೇ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದೆ. ಅದು ಕಾರಣ ಆಗುವುದಿಲ್ಲ, ಹೃದಯಾಘಾತವೂ ಅಲ್ಲ. ‘ಹೃದಯದ ಸಾವು ಏರಿದೆ’ ಎಂಬ ಸುದ್ದಿ ಓದುವಾಗ ಇದು ತಲೆಯಲ್ಲಿರಲಿ.

ಹೆಜ್ಜೆ 8: ಏರಿತು, ಇಳಿಯಿತು ಅನ್ನುವ ಮೊದಲು ವರ್ಷ ನೋಡಿ

ಕರ್ನಾಟಕದ ಎಂಎಂಆರ್ 2017–19ರಲ್ಲಿ 83, 2018–20ರಲ್ಲಿ 69. ತಾಯಂದಿರ ಸಾವು ಅಂಕಿಯಲ್ಲಿ ಕಡಿಮೆ ಇರುವುದರಿಂದ ಮೂರು ವರ್ಷ ಸೇರಿಸಿ ಲೆಕ್ಕ ಹಾಕುತ್ತಾರೆ. ಗಮನಿಸಿ: 2018 ಮತ್ತು 2019 ಎರಡೂ ಲೆಕ್ಕದಲ್ಲಿವೆ. ಬದಲಾಗಿದ್ದು 2017 ಹೋಗಿ 2020 ಬಂದಿದ್ದು ಮಾತ್ರ. ಆದ್ದರಿಂದ ಅಕ್ಕಪಕ್ಕದ ಬುಲೆಟಿನ್ ಹೋಲಿಸುವ ಬದಲು ಒಂದಕ್ಕೊಂದು ತಾಗದ ವರ್ಷಗಳನ್ನು ಹೋಲಿಸಿ. ಇದೇ ಬುಲೆಟಿನ್‌ನಲ್ಲಿ ಪ್ರತಿ ಸಂಖ್ಯೆಯ ಪಕ್ಕ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಒಂದು ವ್ಯಾಪ್ತಿಯನ್ನೂ ಕೊಟ್ಟಿರುತ್ತಾರೆ. ಮಾದರಿಯಿಂದ ಮಾಡಿದ ಅಂದಾಜು ಆದ್ದರಿಂದ ನಿಜ ಸಂಖ್ಯೆ ಆ ವ್ಯಾಪ್ತಿಯಲ್ಲಿ ಎಲ್ಲಾದರೂ ಇರಬಹುದು ಎಂದರ್ಥ. ಎರಡು ರಾಜ್ಯಗಳ ವ್ಯಾಪ್ತಿ ಒಂದರ ಮೇಲೊಂದು ಬೀಳುತ್ತಿದ್ದರೆ ಯಾರು ಮುಂದೆ, ಯಾರು ಹಿಂದೆ ಎಂದು ಜಗಳ ಬೇಡ.

ಶೇಕಡಾವಾರು ಏರಿಕೆ ಕಂಡರೆ ಮೂಲ ಸಂಖ್ಯೆ ಕೇಳಿ. ಎರಡು ಸಾವು ಮೂರಾದರೂ ‘50 ಶೇಕಡಾ ಏರಿಕೆ’ಯೇ.

ಇನ್ನೊಂದು ಗುಂಡಿ ಭಾಜಕದಲ್ಲೇ ಇದೆ. 2011ರ ನಂತರ 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಈ ಮಧ್ಯದ ವರ್ಷಗಳ ಜಿಲ್ಲಾ ದರಗಳೆಲ್ಲ ಅಂದಾಜು ಜನಸಂಖ್ಯೆಯ ಮೇಲೆ ನಿಂತಿವೆ. ಬೆಂಗಳೂರಿನಂಥ ಬೇಗ ಬೆಳೆದ ಊರಿಗೆ ಅಂದಾಜು ಕಡಿಮೆ ಹಿಡಿದರೆ ಸಾವಿನ ದರ ಸುಮ್ಸುಮ್ನೆ ಜಾಸ್ತಿ ಕಾಣುತ್ತದೆ.

ಹೆಜ್ಜೆ 9: ನಿಮ್ಮ ಮನೆಯ ಸಾವು ಸರಿಯಾಗಿ ದಾಖಲಾಗಲಿ

ಮೇಲಿನ ಎಲ್ಲ ಲೆಕ್ಕದ ಗುಣಮಟ್ಟ ಇಲ್ಲಿಂದಲೇ ಶುರುವಾಗುವುದು. ಆಸ್ಪತ್ರೆಯಲ್ಲಿ ಸಾವಾದರೆ ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಮನೆಯಲ್ಲಾದರೆ 21 ದಿನದೊಳಗೆ ನೀವು ತಿಳಿಸಬೇಕು. ಹಳ್ಳಿಯಲ್ಲಿ ಗ್ರಾಮ ಆಡಳಿತಾಧಿಕಾರಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ತಡವಾದರೂ ನೋಂದಣಿ ಆಗುತ್ತದೆ, ಆದರೆ ಶುಲ್ಕ, ಅನುಮತಿ ಎಂದು ಓಡಾಟ ಜಾಸ್ತಿ.

2023ರಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೆ, ವೈದ್ಯಕೀಯ ಕಾರಣ ಬರೆದ ಪತ್ರದ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೂ ಕೊಡಬೇಕು. ಕೇಳಿ ಪಡೆಯಿರಿ. ಅದರಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಇದ್ದರೆ, ‘ಡಾಕ್ಟ್ರೇ, ಇವರಿಗೆ ಇದ್ದ ಮೂಲ ಕಾಯಿಲೆಯನ್ನೂ ಬರೆಯಿರಿ’ ಎಂದು ವಿನಯವಾಗಿ ಕೇಳಬಹುದು.

ಹುಟ್ಟಿದ ದಿನವೇ, ಹುಟ್ಟಿ ಕೆಲವೇ ಗಂಟೆಗಳಲ್ಲಿ ಮಗು ತೀರಿಕೊಂಡರೆ ಎಷ್ಟೋ ಮನೆಗಳಲ್ಲಿ ಮಣ್ಣು ಮಾಡಿ ಸುಮ್ಮನಾಗುತ್ತಾರೆ. ಆ ದುಃಖದಲ್ಲಿ ಕಚೇರಿಗೆ ಹೋಗುವ ಮನಸ್ಸು ಯಾರಿಗೂ ಇರುವುದಿಲ್ಲ, ಗೊತ್ತು. ಆದರೂ ಮನೆಯ ಬೇರೆ ಯಾರಾದರೂ, ಇಲ್ಲವೇ ಆಶಾ ಕಾರ್ಯಕರ್ತೆಯ ಸಹಾಯದಿಂದ, ಆ ಮಗುವಿನ ಜನನವನ್ನೂ ಮರಣವನ್ನೂ ಎರಡೂ ನೋಂದಾಯಿಸಿ. ಉಸಿರಿಲ್ಲದೆ ಹುಟ್ಟಿದ ಮಗುವಿಗೆ ಬೇರೆ ನಮೂನೆ ಇದೆ, ಅದನ್ನು ಕೇಳಿ ತುಂಬಿಸಿ.